ರಕ್ತ ಬರುವ ಜಾಗವನ್ನೇ ಉಜ್ಜಿ, ನೋವಿಲ್ಲದಾಗಲೇ ಕ್ಲೀನಿಂಗ್‌ಗೆ ಬನ್ನಿ

ಹಲ್ಲುಜ್ಜುವಾಗ ರಕ್ತ ಕಂಡರೆ ಹೆಚ್ಚಿನವರು ಆ ಜಾಗ ಬಿಟ್ಟು ಉಜ್ಜುತ್ತಾರೆ. ಮಾಡಬೇಕಾದ್ದು ಅದರ ಉಲ್ಟಾ. ರಕ್ತ ಬರುವ ಜಾಗವನ್ನೇ ಮೆತ್ತಗಿನ ಬ್ರಷ್ಷಿನಿಂದ ಇನ್ನೂ ಗಮನವಿಟ್ಟು ಉಜ್ಜಬೇಕು. ಒಂದೆರಡು ವಾರ ಹೀಗೆ ಮಾಡಿದ ಮೇಲೂ ರಕ್ತ ನಿಲ್ಲದಿದ್ದರೆ ಕ್ಲೀನಿಂಗ್‌ಗೆ ಹೋಗಬೇಕು. ಮುಂದೆ ಬರೆಯುವುದರಲ್ಲಿ ಇನ್ನೇನು ಮರೆತರೂ ಇದೊಂದು ನೆನಪಿರಲಿ.

ನಾನು ತುಮಕೂರಿನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಹೈಜೀನಿಸ್ಟ್. ಡಾಕ್ಟರ್ ಅಲ್ಲ, ನರ್ಸ್ ಕೂಡ ಅಲ್ಲ. ಹಲ್ಲಿನ ಮೇಲೆ ಕೂತ ಕಿಟ್ಟ ತೆಗೆಯುವುದು, ಪಾಲಿಶ್ ಮಾಡುವುದು, ಹೇಗೆ ಉಜ್ಜಬೇಕು ಅಂತ ಹೇಳಿಕೊಡುವುದು ನನ್ನ ಕೆಲಸ. ನಮ್ಮ ದೇಶದ 1948ರ ದಂತವೈದ್ಯರ ಕಾಯ್ದೆಯಲ್ಲೇ ಈ ಕೆಲಸಕ್ಕೆ ಜಾಗ ಕೊಟ್ಟಿದ್ದಾರೆ. ಎರಡು ವರ್ಷ ಓದಿ, ರಾಜ್ಯದ ದಂತ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡು ಈ ಕೆಲಸಕ್ಕೆ ಬರುತ್ತೇವೆ. ಇದು ಶುರುವಾದದ್ದು ಅಮೆರಿಕದ ಬ್ರಿಡ್ಜ್‌ಪೋರ್ಟ್ ಎಂಬ ಊರಿನಲ್ಲಿ. ಆಲ್‌ಫ್ರೆಡ್ ಫೋನ್ಸ್ ಎಂಬ ದಂತವೈದ್ಯರು 1906ರಲ್ಲಿ ತಮ್ಮ ಸಹಾಯಕಿ ಐರೀನ್ ನ್ಯೂಮನ್ ಅವರಿಗೆ ಹಲ್ಲು ಸ್ವಚ್ಛ ಮಾಡುವುದನ್ನು ಕಲಿಸಿದರು. 1913ರಲ್ಲಿ ಇದಕ್ಕೆಂದೇ ಒಂದು ಶಾಲೆ ತೆರೆದರು. ನಮ್ಮಲ್ಲಿ ಹೈಜೀನಿಸ್ಟ್‌ಗಳು ಕಡಿಮೆ. ಹೆಚ್ಚಿನ ಕಡೆ ಡಾಕ್ಟರೇ ಸ್ಕೇಲಿಂಗ್, ಅಂದರೆ ಕಿಟ್ಟ ತೆಗೆಯುವ ಕೆಲಸ, ಮಾಡುತ್ತಾರೆ. ಯಾರು ಮಾಡಿದರೂ ಸರಿಯೇ. ಕಲಿತವರು ಮಾಡಬೇಕು, ಸಮಯಕ್ಕೆ ಸರಿಯಾಗಿ ಆಗಬೇಕು.

ನಮ್ಮ ಕಡೆ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದು ಅಂದರೆ ನೋವು ತಡೆಯಲಾರದೆ ಹೋಗುವುದು. ತುಮಕೂರು ಸೀಮೆಯಲ್ಲಿ ಊಟಕ್ಕೆ ಮುದ್ದೆ. ಮುದ್ದೆ ಅಗಿಯುವಂಥದ್ದಲ್ಲ, ಸಾರಿನಲ್ಲಿ ಅದ್ದಿ ನುಂಗುವಂಥದ್ದು. ದವಡೆಯ ಎರಡು ಹಲ್ಲು ಅಳ್ಳಾಡುತ್ತಿದ್ದರೂ ಊಟ ನಿಲ್ಲುವುದಿಲ್ಲ. ಅದರಿಂದಲೇ ಎಷ್ಟೋ ಜನರಿಗೆ ಒಸಡಿನ ಕಾಯಿಲೆ ಬಂದದ್ದೇ ತಿಳಿದಿರುವುದಿಲ್ಲ. ಹಬ್ಬಕ್ಕೆ ಮಾಡಿದ ಚಕ್ಕುಲಿ ಕಡಿಯಲಾಗದೆ ಹೋದಾಗ ಬರುತ್ತಾರೆ. ಅಷ್ಟು ಹೊತ್ತಿಗೆ ಹಲ್ಲನ್ನು ಹಿಡಿದುಕೊಂಡಿರುವ ಮೂಳೆ ಸಾಕಷ್ಟು ಕರಗಿರುತ್ತದೆ. ಒಸಡಿನ ಕಾಯಿಲೆ ಬಹಳ ಕಾಲ ನೋಯುವುದೇ ಇಲ್ಲ. ಅದಕ್ಕೇ ನೋವಿಗಾಗಿ ಕಾಯಬೇಡಿ ಅಂತ ನಾನು ಎಲ್ಲರ ಹತ್ತಿರವೂ ಬೇಡಿಕೊಳ್ಳುತ್ತೇನೆ.

ಬಾಯಲ್ಲಿ ಆಗುವುದು ಇಷ್ಟು. ಉಜ್ಜಿದ ಕೆಲವೇ ಗಂಟೆಗಳಲ್ಲಿ ಹಲ್ಲಿನ ಮೇಲೆ ಬ್ಯಾಕ್ಟೀರಿಯಾಗಳ ತೆಳು ಪದರ ಮತ್ತೆ ಕೂರುತ್ತದೆ. ಇದೇ ಪಾಚಿ. ಸಂಜೆ ಹೊತ್ತಿಗೆ ನಾಲಿಗೆಯಿಂದ ಹಲ್ಲು ಸವರಿ ನೋಡಿ, ಅಂಟಂಟಾಗಿ ಸಿಗುತ್ತದೆ. ಪಾಚಿ ಮೆತ್ತಗಿರುವಾಗ ಬ್ರಷ್ಷಿಗೆ ಸುಲಭವಾಗಿ ಬಿಡುತ್ತದೆ. ಒಂದು ಕಡೆ ದಿನಗಟ್ಟಲೆ ಉಳಿದುಕೊಂಡರೆ ಎಂಜಲಿನಲ್ಲಿರುವ ಸುಣ್ಣದ ಅಂಶ ಅದರೊಳಗೆ ಇಳಿದು ಗಟ್ಟಿಯಾಗುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಹೀಟರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದಲ್ಲ, ಹಾಗೆ. ಈ ಕಿಟ್ಟ ಹೆಚ್ಚಾಗಿ ಕಾಣುವ ಜಾಗ ಎರಡು. ಕೆಳಗಿನ ಮುಂದಿನ ಹಲ್ಲುಗಳ ಹಿಂಭಾಗ ಒಂದು, ಮೇಲಿನ ದವಡೆ ಹಲ್ಲುಗಳ ಕೆನ್ನೆ ಕಡೆಯ ಭಾಗ ಇನ್ನೊಂದು. ಎಂಜಲಿನ ಗ್ರಂಥಿಗಳು ಬಾಯಿಗೆ ತೆರೆದುಕೊಳ್ಳುವುದು ಅಲ್ಲೇ. ಒಮ್ಮೆ ಗಟ್ಟಿಯಾದ ಮೇಲೆ ಎಷ್ಟು ಜೋರಾಗಿ ಉಜ್ಜಿದರೂ ಹೋಗುವುದಿಲ್ಲ. ಅದನ್ನು ಉಪಕರಣದಿಂದಲೇ ತೆಗೆಯಬೇಕು.

ಕಿಟ್ಟದ ಮೈ ಒರಟು. ಅದರ ಮೇಲೆ ಹೊಸ ಪಾಚಿ ಬೇಗ ಹಿಡಿಯುತ್ತದೆ. ಪಾಚಿ ತಗುಲಿದ ಕಡೆ ಒಸಡು ಊದಿಕೊಳ್ಳುತ್ತದೆ, ಕೆಂಪಾಗುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಹೆರಾಲ್ಡ್ ಲೋ ಎಂಬ ದಂತ ವಿಜ್ಞಾನಿ ಮತ್ತು ಜೊತೆಗಾರರು ಇದನ್ನು ಪ್ರಯೋಗ ಮಾಡಿಯೇ ತೋರಿಸಿದರು. ಅದು ಪ್ರಕಟವಾದದ್ದು 1965ರಲ್ಲಿ. ಒಸಡು ಆರೋಗ್ಯವಾಗಿದ್ದ 12 ಜನ ಹಲ್ಲುಜ್ಜುವುದನ್ನೇ ನಿಲ್ಲಿಸಿದರು. ಸುಮಾರು ಮೂರು ವಾರದೊಳಗೆ ಎಲ್ಲರ ಒಸಡೂ ಊದಿಕೊಂಡಿತ್ತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಒಂದು ವಾರದಲ್ಲೇ ಒಸಡು ಮೊದಲಿನಂತಾಯಿತು. ನನಗೆ ತುಂಬಾ ಭರವಸೆ ಕೊಡುವ ವಿಷಯ ಇದು. ಈ ಹಂತದಲ್ಲಿ ಹಿಡಿದರೆ ಪೂರ್ತಿ ವಾಸಿಯಾಗುತ್ತದೆ. ಕಿಟ್ಟ ಒಸಡಿನ ಕೆಳಗೆ ಇಳಿದು ಮೂಳೆ ಕರಗಲು ಶುರುವಾದರೆ ಕಥೆ ಬೇರೆ. ಅಲ್ಲಿಗೇ ನಿಲ್ಲಿಸಬಹುದು, ಹೋದ ಮೂಳೆ ತಾನಾಗಿ ವಾಪಸ್ ಬರುವುದಿಲ್ಲ.

ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆಯೇ?

"ಮೇಡಂ, ಕ್ಲೀನ್ ಮಾಡಿಸಿದ್ರೆ ಹಲ್ಲು ಅಳ್ಳಾಡ್ತವಂತೆ, ಸಂದಿ ಆಗ್ತದಂತೆ, ಹೌದಾ?" ಈ ಪ್ರಶ್ನೆ ಕೇಳದ ದಿನವೇ ಇಲ್ಲ. ಕೇಳುವವರ ಭಯ ನಿಜವಾದದ್ದು. ಪಕ್ಕದ ಮನೆಯವರಿಗೋ ಅತ್ತೆಗೋ ಹಾಗೆ ಅನ್ನಿಸಿರುತ್ತದೆ. ಅದಕ್ಕೆ ಕಾರಣ ಇದೆ.

ವರ್ಷಗಟ್ಟಲೆ ಕೂತ ಕಿಟ್ಟ ಹಲ್ಲು ಹಲ್ಲಿನ ನಡುವಿನ ಜಾಗವನ್ನೆಲ್ಲ ತುಂಬಿಕೊಂಡಿರುತ್ತದೆ. ಊದಿದ ಒಸಡು ಉಳಿದ ಜಾಗವನ್ನು ಮುಚ್ಚಿರುತ್ತದೆ. ಒಳಗೆ ಮೂಳೆ ಆಗಲೇ ಕೆಳಗಿಳಿದಿರುತ್ತದೆ. ಕಿಟ್ಟ ತೆಗೆದ ಮೇಲೆ ಒಸಡಿನ ಊತ ಇಳಿಯುತ್ತದೆ, ಮೊದಲೇ ಇದ್ದ ಸಂದಿ ಕಣ್ಣಿಗೆ ಕಾಣುತ್ತದೆ. ಅಲ್ಲಿಯವರೆಗೆ ಕಿಟ್ಟವೇ ನಾಲ್ಕಾರು ಹಲ್ಲುಗಳನ್ನು ಒಟ್ಟಿಗೆ ಅಂಟಿಸಿ ಹಿಡಿದಿದ್ದರೆ, ಅದು ಹೋದಾಗ ಅಳ್ಳಾಟ ಗೊತ್ತಾಗುತ್ತದೆ. ಸಡಿಲ ಮಾಡಿದ್ದು ಕಿಟ್ಟ. ಕ್ಲೀನಿಂಗ್ ಮಷೀನಿಗೆ ಕೆಟ್ಟ ಹೆಸರು ಬಂತು, ಅಷ್ಟೇ. ಒಸಡು ಗಟ್ಟಿಯಾದ ಮೇಲೆ ಎಷ್ಟೋ ಹಲ್ಲುಗಳ ಅಳ್ಳಾಟ ಕಡಿಮೆಯೂ ಆಗುತ್ತದೆ.

ಹಲ್ಲಿನ ಮೇಲ್ಪದರ ಸವೆಯುತ್ತದೆ ಅನ್ನುವ ಮಾತೂ ಇದೆ. ಸ್ಕೇಲಿಂಗ್ ಮಷೀನ್ ಕೊರೆಯುವುದಿಲ್ಲ. ಅದರ ತುದಿ ಒಂದು ಸೆಕೆಂಡಿಗೆ 25 ಸಾವಿರಕ್ಕೂ ಜಾಸ್ತಿ ಸಲ ನಡುಗುತ್ತದೆ. ಆ ನಡುಕಕ್ಕೆ ಕಿಟ್ಟ ಒಡೆದು ಕಳಚಿಕೊಳ್ಳುತ್ತದೆ. ತುದಿ ಬಿಸಿಯಾಗದಿರಲಿ ಅಂತ ಜೊತೆಗೇ ನೀರು ಚಿಮ್ಮುತ್ತಿರುತ್ತದೆ. ಕಲಿತ ಕೈಯಲ್ಲಿ ಇದರಿಂದ ಹಲ್ಲಿಗೆ ಏನೂ ಆಗುವುದಿಲ್ಲ.

ಮನೆಯಲ್ಲಿ ಉಜ್ಜುವ ಬಗೆ

ಮೊದಲು ಬ್ರಷ್. ಪ್ಯಾಕೆಟ್ಟಿನ ಮೇಲೆ ಸಾಫ್ಟ್ ಅಂತ ಇರುವುದನ್ನೇ ತನ್ನಿ. ಗಟ್ಟಿ ಬ್ರಷ್ ಚೆನ್ನಾಗಿ ಕ್ಲೀನ್ ಮಾಡುತ್ತದೆ ಅನ್ನುವುದು ತಪ್ಪು. ಅದು ಒಸಡನ್ನು ಮೇಲಕ್ಕೆ ಸರಿಸುತ್ತದೆ, ಹಲ್ಲಿನ ಬುಡದಲ್ಲಿ ಗುಳಿ ಬೀಳಿಸುತ್ತದೆ. ತಣ್ಣೀರು ಕುಡಿದರೆ ಜುಂ ಅನ್ನುವ ಹಲ್ಲುಗಳಲ್ಲಿ ಹೀಗೆ ಬುಡ ಸವೆದವು ಬಹಳ ಇರುತ್ತವೆ. ತಲೆ ಚಿಕ್ಕದಿರುವ ಬ್ರಷ್ ಆದರೆ ಕೊನೆಯ ದವಡೆ ಹಲ್ಲಿನವರೆಗೂ ಹೋಗುತ್ತದೆ. ಮೂರು ತಿಂಗಳಿಗೊಮ್ಮೆ ಬದಲಿಸಿ, ಎಳೆಗಳು ಅದಕ್ಕೆ ಮೊದಲೇ ಬಾಗಿದರೆ ಆಗಲೇ ಬದಲಿಸಿ.

ಇನ್ನು ಕೈ. ಬ್ರಷ್ಷನ್ನು ಹಲ್ಲಿನ ನಡುಮಧ್ಯ ಇಡಬೇಡಿ. ಹಲ್ಲು ಒಸಡು ಸೇರುವ ಗೆರೆಯ ಮೇಲೆ ಓರೆಯಾಗಿ, ಎಳೆಗಳು ಒಸಡಿನ ಕಡೆ ನೋಡುವಂತೆ ಇಡಿ. 45 ಡಿಗ್ರಿ ಅಂತ ನಾವು ಹೇಳುತ್ತೇವೆ. ಅಲ್ಲೇ ಸಣ್ಣಗೆ ಅಲುಗಿಸಿ. ಎರಡು ಮೂರು ಹಲ್ಲಿಗೆ ಹತ್ತು ಸಲ ಅಲುಗಿಸಿ, ಆಮೇಲೆ ಒಸಡಿನಿಂದ ಹಲ್ಲಿನ ತುದಿಯ ಕಡೆಗೆ ಗುಡಿಸಿ, ಮುಂದಕ್ಕೆ ಹೋಗಿ. ಅಮೆರಿಕದ ಚಾರ್ಲ್ಸ್ ಬಾಸ್ ಎಂಬ ವೈದ್ಯರ ಹೆಸರಿನಿಂದ ಇದಕ್ಕೆ ಮಾರ್ಪಡಿಸಿದ ಬಾಸ್ ವಿಧಾನ ಅನ್ನುತ್ತಾರೆ. ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿದರೆ ಒತ್ತಡ ಜಾಸ್ತಿ ಬೀಳುತ್ತದೆ. ಪೆನ್ನು ಹಿಡಿಯುವ ಬೆರಳುಗಳಲ್ಲಿ ಹಿಡಿದರೆ ಒತ್ತಲು ಆಗುವುದೇ ಇಲ್ಲ.

ಎಲ್ಲಿಂದ ಶುರು ಮಾಡುತ್ತೀರಿ ಅನ್ನುವುದೂ ಮುಖ್ಯ. ಎಲ್ಲರೂ ಮುಂದಿನ ಹಲ್ಲಿನಿಂದ ಶುರು ಮಾಡುತ್ತಾರೆ. ಹಿಂದಕ್ಕೆ ಹೋಗುವ ಹೊತ್ತಿಗೆ ಬಾಯಲ್ಲಿ ನೊರೆ ತುಂಬಿ, ಬೇಗ ಮುಗಿಸೋಣ ಅನ್ನಿಸಿರುತ್ತದೆ. ನೀವು ಕೆಳದವಡೆಯ ಒಳಭಾಗದಿಂದ, ನಾಲಿಗೆ ಕಡೆಯಿಂದ ಶುರು ಮಾಡಿ. ನಾನು ಬಾಯಿ ತೆರೆಸಿದಾಗ ಪಾಚಿ ಹೆಚ್ಚು ಸಿಗುವುದು ಅಲ್ಲೇ. ಬಲಗೈಯಲ್ಲಿ ಉಜ್ಜುವವರಿಗೆ ಬಲಗಡೆಯ ಕೋರೆಹಲ್ಲಿನ ಹತ್ತಿರ, ದವಡೆ ತಿರುಗುವ ಜಾಗ ತಪ್ಪಿಹೋಗುತ್ತದೆ. ಒಂದೇ ಕಡೆ ಅಗಿಯುವವರಿದ್ದರೆ ಇನ್ನೊಂದು ಕಡೆ ಕಿಟ್ಟ ಜಾಸ್ತಿ ಇರುತ್ತದೆ. ನಿಮ್ಮ ಬಾಯಲ್ಲಿ ಯಾವ ಜಾಗ ತಪ್ಪುತ್ತಿದೆ ಅಂತ ತಿಳಿದುಕೊಂಡರೆ ಅರ್ಧ ಕೆಲಸ ಆಯಿತು. ಕ್ಲೀನಿಂಗ್‌ಗೆ ಬಂದಾಗ ಕನ್ನಡಿ ಕೇಳಿ, ನಾವು ತೋರಿಸುತ್ತೇವೆ.

ಒಟ್ಟು ಎರಡು ನಿಮಿಷ. ಗಡಿಯಾರ ನೋಡಿಕೊಂಡು ಒಮ್ಮೆ ಉಜ್ಜಿ, ಎಷ್ಟು ಉದ್ದ ಅನ್ನಿಸುತ್ತದೆ ಅಂತ ನಿಮಗೇ ತಿಳಿಯುತ್ತದೆ.

ಬೆಳಿಗ್ಗೆ ಎಲ್ಲರೂ ಉಜ್ಜುತ್ತಾರೆ. ರಾತ್ರಿಯದ್ದು ತಪ್ಪುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕೆಂದರೆ ನಾನು ರಾತ್ರಿಯದ್ದನ್ನೇ ಆರಿಸುತ್ತೇನೆ. ನಿದ್ದೆಯಲ್ಲಿ ಎಂಜಲು ಕಡಿಮೆಯಾಗುತ್ತದೆ. ಹಗಲಲ್ಲಿ ಬಾಯಿಯ ಆಮ್ಲವನ್ನು ತೊಳೆದುಹಾಕುವುದು ಎಂಜಲೇ. ಅದು ಕಡಿಮೆ ಇರುವ ಆರೇಳು ಗಂಟೆ ಹಲ್ಲಿನ ಮೇಲೆ ಊಟದ ಅಂಶ ಇದ್ದರೆ ಹುಳುಕಿಗೆ ಅಷ್ಟು ಸಾಕು. ರಾತ್ರಿ ಉಜ್ಜಿದ ಮೇಲೆ ಹಾಲು, ಬಿಸ್ಕತ್ತು ಬೇಡ. ನೀರು ಕುಡಿಯಬಹುದು.

ಪೇಸ್ಟಿನಲ್ಲಿ ಹುಳುಕು ತಡೆಯುವ ಫ್ಲೋರೈಡ್ ಇದೆಯಾ ಅಂತ ಟ್ಯೂಬಿನ ಹಿಂದೆ ಓದಿ. ಗಿಡಮೂಲಿಕೆ ಪೇಸ್ಟ್‌ಗಳಲ್ಲಿ ಬಹಳಷ್ಟರಲ್ಲಿ ಇರುವುದಿಲ್ಲ. ದೊಡ್ಡವರಿಗೆ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗ) ಇರುವ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಜಾಹೀರಾತಿನಲ್ಲಿ ತೋರಿಸುವಷ್ಟು ಉದ್ದಕ್ಕೆ ಹಾಕಬೇಕಿಲ್ಲ. ಉಜ್ಜಿದ ಮೇಲೆ ನೊರೆ ಉಗಿಯಿರಿ, ಆದರೆ ಚೊಂಬುಗಟ್ಟಲೆ ನೀರಿನಲ್ಲಿ ಮುಕ್ಕಳಿಸಬೇಡಿ. ಸ್ವಲ್ಪ ಫ್ಲೋರೈಡ್ ಹಲ್ಲಿನ ಮೇಲೆ ಉಳಿಯಲಿ. ಇದನ್ನು ಹೇಳಿದಾಗ ಎಲ್ಲರೂ ಮುಖ ಕಿವಿಚುತ್ತಾರೆ. ನಾಲ್ಕು ದಿನದಲ್ಲಿ ಅಭ್ಯಾಸ ಆಗುತ್ತದೆ.

ಇದ್ದಿಲು, ಇಟ್ಟಿಗೆ ಪುಡಿ, ಕಲ್ಲುಪ್ಪು ಇವು ಬೇಡವೇ ಬೇಡ. ಮೊದಲು ಬೆಳ್ಳಗೆ ಕಾಣುತ್ತದೆ, ನಿಜ. ಬೆಳ್ಳಗಾದದ್ದು ಹಲ್ಲಿನ ಮೇಲ್ಪದರ ಸವೆದು. ಮುಂದೆ ಒಳಗಿನ ಹಳದಿ ಪದರ ಕಾಣಿಸಿಕೊಂಡು ಹಲ್ಲು ಮೊದಲಿಗಿಂತ ಹಳದಿಯಾಗುತ್ತದೆ. ಬೇವಿನ ಕಡ್ಡಿಯ ಬಗ್ಗೆ ನನಗೆ ತಕರಾರಿಲ್ಲ, ತುದಿ ಚೆನ್ನಾಗಿ ಜಗಿದು ಮೆತ್ತಗೆ ಮಾಡಿಕೊಂಡರೆ ಸಾಕು. ಆದರೆ ಅದು ಹಲ್ಲುಗಳ ಒಳಭಾಗಕ್ಕೆ ಸರಿಯಾಗಿ ಹೋಗುವುದಿಲ್ಲ. ಎಣ್ಣೆ ಮುಕ್ಕಳಿಸುವವರು ಮುಕ್ಕಳಿಸಲಿ, ಬ್ರಷ್ಷಿನ ಬದಲಿಗೆ ಮಾತ್ರ ಬೇಡ. ಕೆಲವು ಹಲ್ಲುಪುಡಿಗಳಲ್ಲಿ ಹೊಗೆಸೊಪ್ಪು ಇರುತ್ತದೆ. ಉಜ್ಜಿದಾಗ ತಲೆ ಸ್ವಲ್ಪ ತಿರುಗಿ, ಹಲ್ಲುನೋವು ಮರೆತಂತೆ ಆಗುತ್ತದೆ, ಆಮೇಲೆ ಅದಿಲ್ಲದೆ ಬೆಳಿಗ್ಗೆ ಸಾಗುವುದಿಲ್ಲ. ಅಂಥ ಪುಡಿಯನ್ನು ಮನೆಗೇ ತರಬೇಡಿ.

ಬ್ರಷ್ ಎಷ್ಟೇ ಚೆನ್ನಾಗಿದ್ದರೂ ಹಲ್ಲಿನ ಸಂದಿಗೆ ಹೋಗುವುದಿಲ್ಲ. ಒಸಡಿನ ಕಾಯಿಲೆ ಹೆಚ್ಚಾಗಿ ಶುರುವಾಗುವುದು ಸಂದಿಯಲ್ಲೇ. ಹಲ್ಲುಗಳು ಒತ್ತಾಗಿದ್ದರೆ ಫ್ಲಾಸ್ ದಾರ. ಒಂದೂವರೆ ಅಡಿ ದಾರ ತೆಗೆದುಕೊಂಡು ಎರಡು ನಡುಬೆರಳಿಗೆ ಸುತ್ತಿ, ಸಂದಿಯಲ್ಲಿ ಮೆಲ್ಲಗೆ ಇಳಿಸಿ, ಒಂದು ಹಲ್ಲಿಗೆ ತಬ್ಬಿಸಿ ಮೇಲೆ ಕೆಳಗೆ ಸವರಿ, ಆಮೇಲೆ ಪಕ್ಕದ ಹಲ್ಲಿಗೆ. ಸಂದಿ ಅಗಲ ಇರುವವರಿಗೆ, ಅಂದರೆ ನಲವತ್ತು ದಾಟಿದ ಬಹಳ ಜನಕ್ಕೆ, ಪುಟ್ಟ ಇಂಟರ್‌ಡೆಂಟಲ್ ಬ್ರಷ್ ಇನ್ನೂ ಒಳ್ಳೆಯದು. ಅದು ಹಲವು ಅಳತೆಗಳಲ್ಲಿ ಬರುತ್ತದೆ. ನಿಮ್ಮ ಸಂದಿಗೆ ಯಾವುದು ಅಂತ ಕ್ಲಿನಿಕ್ಕಿನಲ್ಲಿ ಕೇಳಿಯೇ ಕೊಳ್ಳಿ. ಬೆಂಕಿಕಡ್ಡಿ, ಪಿನ್ನು, ತೆಂಗಿನ ಗರಿಯ ಕಡ್ಡಿ ಹಾಕಿ ಕೆದಕುವುದನ್ನು ಇವತ್ತೇ ಬಿಡಿ. ಒಂದೇ ಸಂದಿಯಲ್ಲಿ ದಿನಾ ಊಟ ಸಿಕ್ಕಿಕೊಳ್ಳುತ್ತಿದ್ದರೆ ಅಲ್ಲಿ ಹುಳುಕೋ ಒಸಡಿನ ಗುಂಡಿಯೋ ಇರುತ್ತದೆ, ತೋರಿಸಿ. ನಾಲಿಗೆ ಕೆರೆಯುವ ಅಭ್ಯಾಸ ನಮ್ಮವರಿಗೆ ಮೊದಲಿನಿಂದ ಇದೆ, ಅದನ್ನು ಬಿಡಬೇಡಿ. ಬಾಯಿ ವಾಸನೆಗೆ ನಾಲಿಗೆ ಮತ್ತು ಒಸಡೇ ಮುಖ್ಯ ಕಾರಣ.

ಹುಳಿ ತಿಂದ ಕೂಡಲೇ ಉಜ್ಜಬೇಡಿ, ಅರ್ಧ ಗಂಟೆ ಬಿಡಿ. ಆಮ್ಲಕ್ಕೆ ಹಲ್ಲಿನ ಮೇಲ್ಮೈ ಆಗ ಮೆತ್ತಗಾಗಿರುತ್ತದೆ. ಸಿಹಿಯ ವಿಷಯದಲ್ಲಿ ಎಷ್ಟು ತಿಂದಿರಿ ಅನ್ನುವುದಷ್ಟೇ ಅಲ್ಲ, ದಿನಕ್ಕೆ ಎಷ್ಟು ಸಲ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅಂಗಡಿಯಲ್ಲಿ ಕೂತು ಗಂಟೆಗೊಂದು ಸಕ್ಕರೆ ಟೀ ಕುಡಿಯುವವರ ಹಲ್ಲಿಗೆ ಬಿಡುವೇ ಇರುವುದಿಲ್ಲ.

ಅಡಿಕೆಯ ಮಾತು

ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆ ಅಡಿಕೆ ತೋಟ ಇಲ್ಲದ ಊರು ಕಡಿಮೆ. ಅಡಿಕೆಯೇ ಎಷ್ಟೋ ಮನೆಗಳ ಅನ್ನ. ಆದರೂ ಬಾಯಿ ನೋಡುವ ಕೆಲಸದಲ್ಲಿರುವ ನಾನು ಇದನ್ನು ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ, ಹೊಗೆಸೊಪ್ಪು ಸೇರಿಸದಿದ್ದರೂ, ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಗುಟ್ಕಾವನ್ನು ಕರ್ನಾಟಕ ಸರ್ಕಾರ 2013ರಲ್ಲಿ ನಿಷೇಧಿಸಿತು. ಈಗ ಅದು ಎರಡು ಬೇರೆ ಬೇರೆ ಪೊಟ್ಟಣದಲ್ಲಿ ಸಿಗುತ್ತದೆ, ತಿನ್ನುವವರು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾರೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಬಾಯಿ ಪೂರ್ತಿ ತೆರೆದು ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಿ. ಹೋಗದಿದ್ದರೆ ತೋರಿಸಿಕೊಳ್ಳಬೇಕು. ಅಡಿಕೆ ತಿನ್ನುವವರ ಕೆನ್ನೆಯ ಒಳಭಾಗ ಬಿಳಿಚಿಕೊಂಡು, ಬಿಗಿದು, ಖಾರ ತಿಂದರೆ ಉರಿಯುತ್ತದೆ. ಬಾಯಿ ತೆರೆಯುವುದು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. ಇಂಥ ಬಾಯಲ್ಲಿ ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಇರುತ್ತದೆ. ಇಪ್ಪತ್ತೈದು ದಾಟದ ಹುಡುಗರಲ್ಲೂ ನಾನು ಇದನ್ನು ನೋಡುತ್ತಿದ್ದೇನೆ. ಅವರ ಬಾಯಿಗೆ ಸ್ಕೇಲಿಂಗ್ ತುದಿ ಹೋಗುವುದೇ ಕಷ್ಟ. ಆ ಕುರ್ಚಿಯ ಪಕ್ಕ ನಿಂತಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಿಮ್ಮ ಮಗ, ತಮ್ಮ ಪೊಟ್ಟಣ ಹರಿಯುವುದನ್ನು ಕಂಡರೆ ಬೈದು ಸುಮ್ಮನಾಗಬೇಡಿ, ಕರೆದುಕೊಂಡು ಬನ್ನಿ. ಎರಡು ವಾರದಲ್ಲಿ ಮಾಯದ ಯಾವುದೇ ಬಾಯಿ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೂ ಹಾಗೆಯೇ. ಕ್ಲೀನಿಂಗ್‌ಗೆ ನಿಯಮಿತವಾಗಿ ಬರುವವರಲ್ಲಿ ಇಂಥವು ಬೇಗ ಕಣ್ಣಿಗೆ ಬೀಳುತ್ತವೆ.

ಪಾವಗಡ, ಶಿರಾ ಕಡೆಯಿಂದ ಬರುವವರು ಕಂದು ಕಲೆ ತೋರಿಸಿ ಕ್ಲೀನ್ ಮಾಡಿ ಅನ್ನುತ್ತಾರೆ. ಅದು ಬೋರ್‌ವೆಲ್ ನೀರಿನ ಫ್ಲೋರೈಡ್ ಜಾಸ್ತಿಯಾಗಿ ಬಂದದ್ದು. ಮಗುವಿದ್ದಾಗ, ಹಲ್ಲು ಇನ್ನೂ ಒಸಡಿನೊಳಗೆ ರೂಪುಗೊಳ್ಳುತ್ತಿದ್ದಾಗಲೇ ಕಲೆ ಒಳಗೆ ಸೇರಿರುತ್ತದೆ. ಸ್ಕೇಲಿಂಗ್‌ಗೆ ಅದು ಹೋಗುವುದಿಲ್ಲ, ಅದಕ್ಕೆ ಡಾಕ್ಟರ ಹತ್ತಿರ ಬೇರೆ ದಾರಿಗಳಿವೆ. ಸಂತೆ, ಜಾತ್ರೆಗಳಲ್ಲಿ ದ್ರಾವಣ ಹಚ್ಚಿ ಬೆಳ್ಳಗೆ ಮಾಡಿಕೊಡುವವರ ಮುಂದೆ ಬಾಯಿ ತೆರೆಯಬೇಡಿ. ಅವರು ಹಚ್ಚುವುದು ಆಸಿಡ್. ಆ ಊರುಗಳ ಮಕ್ಕಳಿಗೆ ಎಂಟು ವರ್ಷದವರೆಗಾದರೂ ಶುದ್ಧೀಕರಿಸಿದ ನೀರು ಕೊಡಿ.

ಮಕ್ಕಳ ಮಾತು ಬಂತು, ಒಂದು ವಿಷಯ ಹೇಳಿಬಿಡುತ್ತೇನೆ. ಆರು ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಹುಟ್ಟುತ್ತದೆ. ಯಾವ ಹಲ್ಲೂ ಬೀಳದೆ ಹುಟ್ಟುವುದರಿಂದ ಅಪ್ಪ ಅಮ್ಮ ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. "ಬಿದ್ದು ಹೋಗೋ ಹಲ್ಲಲ್ವಾ ಮೇಡಂ" ಅನ್ನುತ್ತಾರೆ. ಅದು ಬೀಳುವ ಹಲ್ಲಲ್ಲ, ಜೀವನಪೂರ್ತಿ ಇರಬೇಕಾದದ್ದು. ಶಾಶ್ವತ ಹಲ್ಲುಗಳಲ್ಲಿ ಹುಳುಕು ಹೆಚ್ಚಾಗಿ ಮೊದಲು ಹಿಡಿಯುವುದೂ ಅದನ್ನೇ. ಅದರ ಗುಂಡಿಗಳನ್ನು ಹುಳುಕು ಹಿಡಿಯುವ ಮೊದಲೇ ಸೀಲೆಂಟ್ ಹಾಕಿ ಮುಚ್ಚಬಹುದು, ಕೇಳಿ ನೋಡಿ. ಮೊದಲ ಹಲ್ಲು ಹುಟ್ಟಿದಾಗಿನಿಂದಲೇ ಉಜ್ಜಲು ಶುರು ಮಾಡಿ. ಮೂರು ವರ್ಷದವರೆಗೆ ಅಕ್ಕಿ ಕಾಳಿನಷ್ಟು ಪೇಸ್ಟ್, ಆರು ವರ್ಷದವರೆಗೆ ಬಟಾಣಿಯಷ್ಟು. ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಇರುವ ಊರಾದರೆ ಯಾವ ಪೇಸ್ಟ್ ಅಂತ ಡಾಕ್ಟರನ್ನು ಕೇಳಿ. ಏಳೆಂಟು ವರ್ಷದವರೆಗೆ ನೀವೇ ನಿಂತು ಉಜ್ಜಿಸಬೇಕು.

ಕ್ಲೀನಿಂಗ್‌ಗೆ ಬರುವಾಗ

ಆರು ತಿಂಗಳಿಗೊಮ್ಮೆ ಅನ್ನುವುದು ವಾಡಿಕೆ. ಎಲ್ಲರಿಗೂ ಒಂದೇ ಲೆಕ್ಕ ಅಲ್ಲ. ಬ್ರಿಟನ್ನಿನ ನೈಸ್ ಎಂಬ ಆರೋಗ್ಯ ಸಂಸ್ಥೆಯ 2004ರ ಮಾರ್ಗಸೂಚಿ ದೊಡ್ಡವರ ತಪಾಸಣೆಯ ನಡುವಿನ ಅಂತರವನ್ನು ಮೂರು ತಿಂಗಳಿಂದ ಎರಡು ವರ್ಷದವರೆಗೆ, ಅವರವರ ಬಾಯಿ ನೋಡಿ ನಿರ್ಧರಿಸಿ ಅನ್ನುತ್ತದೆ. ನನ್ನ ಅಭಿಪ್ರಾಯದಲ್ಲಿ ಸಕ್ಕರೆ ಕಾಯಿಲೆ ಇರುವವರು, ಬೀಡಿ ಸಿಗರೇಟು ಸೇದುವವರು, ಎಲೆ ಅಡಿಕೆ ಹಾಕುವವರು, ಒಮ್ಮೆ ಒಸಡಿನ ಚಿಕಿತ್ಸೆ ಆದವರು ಮೂರ್ನಾಲ್ಕು ತಿಂಗಳಿಗೊಮ್ಮೆ ಬರಬೇಕು. ಸಿಗರೇಟು ಸೇದುವವರಿಗೆ ಒಂದು ಎಚ್ಚರಿಕೆ. ನಿಮ್ಮ ಒಸಡಿನಲ್ಲಿ ಕಾಯಿಲೆ ಇದ್ದರೂ ರಕ್ತ ಕಡಿಮೆ ಬರುತ್ತದೆ. ರಕ್ತ ಇಲ್ಲ ಅಂತ ನಿಶ್ಚಿಂತೆಯಾಗಿ ಇರಬೇಡಿ.

ಸಕ್ಕರೆ ಕಾಯಿಲೆಗೂ ಒಸಡಿಗೂ ಎರಡೂ ಕಡೆಯಿಂದ ನಂಟು. ಸಕ್ಕರೆ ಹತೋಟಿ ತಪ್ಪಿದರೆ ಒಸಡು ಬೇಗ ಕೆಡುತ್ತದೆ. ಒಸಡಿನ ಸೋಂಕು ಇದ್ದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಒಸಡಿನ ಚಿಕಿತ್ಸೆಯ ನಂತರ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಸ್ವಲ್ಪ ಇಳಿಯುವುದು ಅಧ್ಯಯನಗಳಲ್ಲಿ ಕಂಡುಬಂದಿದೆ.

ಬರುವಾಗ ತಿನ್ನುವ ಮಾತ್ರೆಗಳ ಚೀಟಿ ತನ್ನಿ. ಇದನ್ನು ನಾವು ಸುಮ್ನೆ ಕೇಳುವುದಿಲ್ಲ. ಬಿಪಿಗೆ ಕೊಡುವ ಆಮ್ಲೋಡಿಪಿನ್, ಮೂರ್ಛೆಗೆ ಕೊಡುವ ಫೆನಿಟಾಯಿನ್ ಕೆಲವರಲ್ಲಿ ಒಸಡನ್ನು ಬೆಳೆಸುತ್ತವೆ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಹೇಳಿ, ಆದರೆ ನೀವಾಗಿ ನಿಲ್ಲಿಸಿ ಬರಬೇಡಿ. ಹೃದಯದ ಕವಾಟ ಬದಲಿಸಿದ್ದರೆ ಮೊದಲೇ ಆಂಟಿಬಯಾಟಿಕ್ ಕೊಡಬೇಕಾಗುತ್ತದೆ. ಗರ್ಭಿಣಿಯರು ಕ್ಲೀನಿಂಗ್ ಮಾಡಿಸಬಾರದು ಅನ್ನುವುದು ತಪ್ಪು ತಿಳುವಳಿಕೆ. ಆಗ ಹಾರ್ಮೋನಿನಿಂದ ಒಸಡು ಹೆಚ್ಚು ಊದುತ್ತದೆ, ಕ್ಲೀನಿಂಗ್ ಇನ್ನೂ ಬೇಕು. ನಾಲ್ಕರಿಂದ ಆರನೇ ತಿಂಗಳು ಕೂರಲು ಅನುಕೂಲ. ಹಸಿದು ಬರಬೇಡಿ, ತಿಂಡಿ ತಿಂದು, ಸಕ್ಕರೆ ಮಾತ್ರೆ ತೆಗೆದುಕೊಂಡು ಬನ್ನಿ.

ಕುರ್ಚಿಯಲ್ಲಿ ಕೂತ ಮೇಲೆ ಮೊದಲು ಒಂದು ಸಣ್ಣ ಅಳತೆ ಕಡ್ಡಿಯಿಂದ ಒಸಡಿನ ಅಂಚನ್ನು ಅಳೆಯುತ್ತೇವೆ. 1ರಿಂದ 3 ಮಿಲಿಮೀಟರ್ ಬಂದರೆ ಸರಿ. 4 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅಲ್ಲಿ ಗುಂಡಿ ಬಿದ್ದಿದೆ, ಬ್ರಷ್ ಅದರ ತಳ ಮುಟ್ಟುವುದಿಲ್ಲ. ನಿಮ್ಮ ಅಳತೆ ಎಷ್ಟು ಅಂತ ಕೇಳಿ, ಬರೆಸಿಕೊಳ್ಳಿ. ಮುಂದಿನ ಸಲ ಹೋಲಿಸಿ ನೋಡಲು ಬರುತ್ತದೆ. ಆಮೇಲೆ ಸ್ಕೇಲಿಂಗ್, ಕೊನೆಗೆ ಪಾಲಿಶ್. ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಜುಂ ಅನ್ನಿಸಿದರೆ ಎಡಗೈ ಎತ್ತಿ, ನಿಲ್ಲಿಸುತ್ತೇವೆ. ಗುಂಡಿ ಆಳ ಇದ್ದರೆ ಡಾಕ್ಟರ್ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಎರಡು ಮೂರು ಸಲ ಕರೆಸಿ, ಬೇರಿನವರೆಗೆ ಕ್ಲೀನ್ ಮಾಡುತ್ತಾರೆ.

ಉಪಕರಣಗಳು ಆಟೋಕ್ಲೇವ್ (ಬಿಸಿ ಹಬೆಯಲ್ಲಿ ರೋಗಾಣು ಕೊಲ್ಲುವುದು) ಆದ ಮುಚ್ಚಿದ ಪೊಟ್ಟಣದಿಂದ ನಿಮ್ಮ ಎದುರಿಗೇ ಬಂದವಾ, ಗ್ಲೌಸ್ ಹೊಸದಾ ಅಂತ ನೋಡಿ. ಕೇಳಿದರೆ ನಾವು ಬೇಜಾರು ಮಾಡಿಕೊಳ್ಳುವುದಿಲ್ಲ. ಕೇಳಲು ಯಾರೂ ಸಂಕೋಚಪಡಬಾರದು. ಖರ್ಚು ಎಷ್ಟು ಅಂತಲೂ ಮೊದಲೇ ಕೇಳಿ. ಖಾಸಗಿಯಲ್ಲಿ ಕಷ್ಟ ಅನ್ನಿಸಿದರೆ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗಕ್ಕೆ ಹೋಗಿ. ಡೆಂಟಲ್ ಕಾಲೇಜುಗಳಲ್ಲಿ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ತುಮಕೂರಿನ ಅಗಳಕೋಟೆಯಲ್ಲಿ ಒಂದಿದೆ, ಬೆಂಗಳೂರಿನಲ್ಲಿ ಸರ್ಕಾರಿ ಡೆಂಟಲ್ ಕಾಲೇಜು ಇದೆ. ಅಲ್ಲಿ ವಿದ್ಯಾರ್ಥಿಗಳು ಮಾಡುತ್ತಾರೆ, ಹಿಂದೆ ಮೇಷ್ಟ್ರು ನಿಂತಿರುತ್ತಾರೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ಕೆಲಸ ಚೆನ್ನಾಗಿಯೇ ಆಗುತ್ತದೆ.

ಮನೆಗೆ ಹೋದ ಮೇಲೆ ಒಂದೆರಡು ದಿನ ಒಸಡು ನೋಯಬಹುದು, ತಣ್ಣನೆಯದು ತಾಗಿದರೆ ಜುಂ ಅನ್ನಬಹುದು. ಬೆಚ್ಚಗಿನ ಉಪ್ಪುನೀರಿನಲ್ಲಿ ಮುಕ್ಕಳಿಸಿ. ಆ ರಾತ್ರಿಯೂ ಮೆತ್ತಗೆ ಉಜ್ಜಿ. ಜುಂ ಅನ್ನುವುದು ವಾರ ಕಳೆದರೂ ಕಡಿಮೆಯಾಗದಿದ್ದರೆ ಮತ್ತೆ ಬನ್ನಿ.

ಮನೆಯಲ್ಲಿ ಹಿರಿಯರಿದ್ದರೆ ಅವರ ಬಾಯಿ ನೋಡುವುದು ಮರೆಯಬೇಡಿ. ಹಲ್ಲಿನ ಸೆಟ್ ಕಟ್ಟಿಸಿದ್ದರೆ ರಾತ್ರಿ ತೆಗೆಸಿ, ಬ್ರಷ್ಷಿನಿಂದ ಉಜ್ಜಿ, ನೀರಿನಲ್ಲಿ ಇಡಿ. ಬಿಸಿನೀರು ಬೇಡ, ಸೆಟ್ ಸೊಟ್ಟಗಾಗುತ್ತದೆ. ಹಾಸಿಗೆ ಹಿಡಿದವರಿಗೆ ತಾವಾಗಿ ಉಜ್ಜಲು ಆಗುವುದಿಲ್ಲ, ಬಾಯಿಯ ಕೊಳೆ ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯ ಇದೆ. ಅವರನ್ನು ಒಂದು ಮಗ್ಗುಲಿಗೆ ತಿರುಗಿಸಿ, ದಿಂಬಿನಿಂದ ತಲೆ ಸ್ವಲ್ಪ ಎತ್ತರಿಸಿ. ಮಕ್ಕಳ ಮೆತ್ತಗಿನ ಬ್ರಷ್ಷನ್ನು ನೀರಿನಲ್ಲಿ ಅದ್ದಿ ಹಿಂಡಿ, ಸಾಸಿವೆಯಷ್ಟು ಪೇಸ್ಟ್ ಹಾಕಿ ಉಜ್ಜಿ. ಒದ್ದೆ ಗಾಜ್ ಬಟ್ಟೆಯನ್ನು ಬೆರಳಿಗೆ ಸುತ್ತಿ ಒಸಡು, ಕೆನ್ನೆಯ ಒಳಭಾಗ, ನಾಲಿಗೆ ಒರೆಸಿ. ತುಟಿಗೆ ಸ್ವಲ್ಪ ವ್ಯಾಸಲಿನ್ ಹಚ್ಚಿ. ದಿನಕ್ಕೆ ಎರಡು ಸಲ. ಕ್ಲಿನಿಕ್ಕಿಗೆ ಕರೆತರಲು ಆಗದಿದ್ದರೆ ಫೋನ್ ಮಾಡಿ ಮನೆಗೆ ಬರುವ ವ್ಯವಸ್ಥೆ ಇದೆಯಾ ಅಂತ ವಿಚಾರಿಸಿ. ಕೆಲವು ಕ್ಲಿನಿಕ್ಕುಗಳು ಪೋರ್ಟಬಲ್ ಮಷೀನ್ ಹಿಡಿದು ಮನೆಗೇ ಬರುತ್ತವೆ.